ಇರುಳುಗಿಳಿಯ ಕಾವಲುಗಾರರು

ಗಿಳಿ ಎಂದೊಡನೆ ಕನ್ನಡಿಗರ ಕಣ್ಣಮುಂದೆ ಬರುವ ಚಿತ್ರ ಒಂದೇ. ಹಸುರು ಮೈ, ಕೆಂಪು ಕೊಕ್ಕು, ಕೊರಳಿಗೊಂದು ಪಟ್ಟೆ. ದೇವಾಲಯದ ಗೋಪುರದ ಸಂದಿನಿಂದ ಚಿಮ್ಮಿ, ಕಿರಿಚುತ್ತ, ಹಿಂಡುಗಟ್ಟಿಕೊಂಡು ಸೀಬೆಯ ತೋಟಕ್ಕೋ ಜೋಳದ ಹೊಲಕ್ಕೋ ಹಾರಿಹೋಗುವ ಹಕ್ಕಿ. ಕಾವ್ಯಗಳಲ್ಲಿ ಅದು ವಿರಹಿಗಳ ದೂತ. ಹಿಂದಿನ ಜಾತ್ರೆಗಳಲ್ಲಿ ಭವಿಷ್ಯದ ಚೀಟಿಯನ್ನು ಎತ್ತಿಕೊಡುತ್ತಿದ್ದ ಜೋಯಿಸ. ಹಾರಲಾರದ ಗಿಳಿ, ಹಗಲೆಲ್ಲ ನಿದ್ರಿಸಿ ಇರುಳಿನಲ್ಲಿ ನೆಲದ ಮೇಲೆ ನಡೆದಾಡುವ ಗಿಳಿ, ಒಂದು ಹುಂಜದಷ್ಟು ತೂಗುವ ಗಿಳಿ ಇದೆಯೆಂದರೆ ನಂಬುವುದು ಕಷ್ಟ.

ಆದರೂ ಅಂಥ ಗಿಳಿ ಈ ಲೋಕದಲ್ಲಿದೆ. ನ್ಯೂಜಿಲೆಂಡ್ ದೇಶದಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಈ ಹಕ್ಕಿಗೆ ಅಲ್ಲಿಯ ಮೂಲ ನಿವಾಸಿಗಳಾದ ಮಾವೋರಿ ಜನರು 'ಕಾಕಾಪೊ' ಎಂದು ಹೆಸರಿಟ್ಟರು. 'ಕಾಕಾ' ಎಂದರೆ ಗಿಳಿ, 'ಪೊ' ಎಂದರೆ ಇರುಳು. ಕನ್ನಡದಲ್ಲಿ ಇರುಳುಗಿಳಿ ಎಂದು ಕರೆದರೆ ಅರ್ಥಕ್ಕೆ ಲೋಪವಿಲ್ಲ. ಪಾಚಿಯ ಬಣ್ಣದ ಮೈ, ಗೂಬೆಯದನ್ನು ಹೋಲುವ ದುಂಡು ಮುಖ, ಗಟ್ಟಿಮುಟ್ಟಾದ ಕಾಲುಗಳು. ಗಂಡು ಸಾಮಾನ್ಯವಾಗಿ ಎರಡು ಕಿಲೋಗ್ರಾಂ ತೂಗುತ್ತದೆ. ಕೊಬ್ಬಿದಾಗ ಅದರ ತೂಕ ನಾಲ್ಕು ಕಿಲೋಗ್ರಾಮಿನ ಹತ್ತಿರಕ್ಕೂ ಹೋಗುವುದುಂಟು. ಲೋಕದ ಗಿಳಿಗಳಲ್ಲೆಲ್ಲ ಇದೇ ಭಾರವಾದುದು. ರೆಕ್ಕೆಗಳಿವೆ, ಹಾರಾಟವಿಲ್ಲ. ಮರವನ್ನು ಮಾತ್ರ ಚೆನ್ನಾಗಿ ಹತ್ತಬಲ್ಲದು. ಇಳಿಯುವಾಗ ರೆಕ್ಕೆಗಳನ್ನು ಬಿಚ್ಚಿಕೊಂಡು ಕೊಡೆ ಹಿಡಿದವರಂತೆ ಧುಮುಕುತ್ತದೆ. ಆಯುಸ್ಸು ಅರುವತ್ತು ವರ್ಷಕ್ಕೂ ಮೀರಿದುದೆಂದು ಬಲ್ಲವರ ಅಂದಾಜು. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಜಿಲೆಂಡಿನ ಗವರ್ನರಾಗಿದ್ದ ಜಾರ್ಜ್ ಗ್ರೇ ತಮ್ಮ ಬಳಿಯಿದ್ದ ಕಾಕಾಪೊವಿನ ಅಕ್ಕರೆಯನ್ನು ನಾಯಿಯ ಅಕ್ಕರೆಗೆ ಹೋಲಿಸಿದ್ದರು.

ಇಷ್ಟು ಸಾಧುವಾದ ಹಕ್ಕಿಗೆ ಅದರ ಸಾಧುತನವೇ ಮುಳುವಾಯಿತು. ಮನುಷ್ಯ ಕಾಲಿಡುವ ಮುನ್ನ ನ್ಯೂಜಿಲೆಂಡಿನ ನೆಲದಲ್ಲಿ ಬಾವಲಿಯ ಹೊರತು ಬೇರೆ ಸಸ್ತನಿ ಇರಲಿಲ್ಲ. ಶತ್ರುಗಳೆಂದರೆ ಹದ್ದು, ಗಿಡುಗಗಳು. ಅವು ಕಣ್ಣಿನಿಂದ ಬೇಟೆಯಾಡುವಂಥವು. ಅಪಾಯ ಕಂಡಾಗ ಅಲುಗಾಡದೆ ಪಾಚಿಯ ನಡುವೆ ಪಾಚಿಯಾಗಿ ನಿಂತುಬಿಟ್ಟರೆ ಕಾಕಾಪೊ ಬದುಕುತ್ತಿತ್ತು. ಆದರೆ ಮಾವೋರಿಗಳೊಡನೆ ನಾಯಿ, ಇಲಿಗಳು ಬಂದುವು. ಯುರೋಪಿಯನ್ನರೊಡನೆ ಬೆಕ್ಕು, ಹೆಗ್ಗಣಗಳು ಬಂದುವು. ತಾವೇ ತಂದುಬಿಟ್ಟಿದ್ದ ಮೊಲಗಳು ಮಿತಿಮೀರಿದಾಗ, ಅವನ್ನು ಕೊಲ್ಲಲೆಂದು 1880ರ ದಶಕದಲ್ಲಿ ವಲಸೆಗಾರರು ಸ್ಟೋಟ್ ಎಂಬ, ಮುಂಗುಸಿಯಂಥ ಸಪೂರ ದೇಹದ ಕ್ರೂರ ಪ್ರಾಣಿಯನ್ನು ಆಮದು ಮಾಡಿಕೊಂಡರು. ಇವೆಲ್ಲವೂ ಮೂಗಿನಿಂದ ಬೇಟೆಯಾಡುವ ಪ್ರಾಣಿಗಳು. ಕಾಕಾಪೊವಿನ ಮೈಯಿಂದಲಾದರೋ ಜೇನಿನಂಥ ಒಂದು ಸಿಹಿ ಕಮಟು ವಾಸನೆ ಹೊಮ್ಮುತ್ತದೆ. ವಾಸನೆ ಹಿಡಿದು ಬಂದ ಬೆಕ್ಕಿನ ಮುಂದೆ ಹಕ್ಕಿ ಅಲುಗದೆ ನಿಂತಿತು. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಬ್ಬಂಟಿ ಹೆನ್ರಿ

ಈ ಹಕ್ಕಿಯನ್ನು ಕೈಯಾರೆ ಎತ್ತಿ ಉಳಿಸಲು ಹೊರಟವರಲ್ಲಿ ಮೊದಲನೆಯವರು ರಿಚರ್ಡ್ ಹೆನ್ರಿ. ನೈಋತ್ಯ ಕರಾವಳಿಯ ರೆಸೊಲ್ಯೂಷನ್ ದ್ವೀಪವನ್ನು ಸರ್ಕಾರ 1891ರಲ್ಲಿ ಪಕ್ಷಿಗಳಿಗೆ ಮೀಸಲಿಟ್ಟು, 1894ರಲ್ಲಿ ಅವರನ್ನು ಅದರ ಪಾಲಕರನ್ನಾಗಿ ನೇಮಿಸಿತು. ಹೆನ್ರಿ ಬಾಯಿಗೆ ಕುಕ್ಕೆ ಕಟ್ಟಿದ ನಾಯಿಯ ನೆರವಿನಿಂದ ಕಾಡಿನಲ್ಲಿ ಕಾಕಾಪೊ ಮತ್ತು ಕೀವಿ ಹಕ್ಕಿಗಳನ್ನು ಹುಡುಕಿ ಹಿಡಿದು, ದೋಣಿಯಲ್ಲಿ ಹುಟ್ಟುಹಾಕಿಕೊಂಡು ದ್ವೀಪಕ್ಕೆ ಒಯ್ದು ಬಿಡುತ್ತಿದ್ದರು. ಸದಾ ಮಳೆ ಸುರಿಯುವ, ಜನಸಂಚಾರವಿಲ್ಲದ ಆ ಕಡಲ ಸೀಳುಗಳಲ್ಲಿ ಅವರು ಹೀಗೆ ಸಾಗಿಸಿದ ಹಕ್ಕಿಗಳು ಹಲವು ನೂರು. 1900ರಲ್ಲಿ ದ್ವೀಪದ ಮೇಲೆ ಒಂದು ಸ್ಟೋಟ್ ಕಾಣಿಸಿತು. ಅದು ನೆಲದಿಂದ ಈಜಿಕೊಂಡೇ ಬಂದಿತ್ತು. ಆರು ವರ್ಷದ ಬೆವರು ಒಂದು ಪ್ರಾಣಿಯ ಈಜಿನಿಂದ ನೀರಿನ ಪಾಲಾಯಿತು. ಆದರೂ ಹೆನ್ರಿ 1908ರವರೆಗೆ ಅಲ್ಲಿಯೇ ಇದ್ದರೆಂಬುದು ಆ ಮನುಷ್ಯನ ಹಟವನ್ನು ಹೇಳುತ್ತದೆ.

ಅನಂತರದ ಕಥೆ ಕುಗ್ಗುತ್ತ ಹೋಗುವ ಕಥೆ. 1970ರ ದಶಕದ ಆರಂಭದಲ್ಲಿ ಕಾಕಾಪೊ ಇನ್ನೂ ಜೀವಂತವಾಗಿದೆಯೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಡಾನ್ ಮರ್ಟನ್ ಮೊದಲಾದ ವನ್ಯಜೀವಿ ಇಲಾಖೆಯವರು ಫಿಯೊರ್ಡ್‌ಲ್ಯಾಂಡಿನ ಕಡಿದಾದ ಕಣಿವೆಗಳಲ್ಲಿ ಅಲೆದು 1977ರ ಹೊತ್ತಿಗೆ ಹದಿನೆಂಟು ಹಕ್ಕಿಗಳನ್ನು ಕಂಡುಕೊಂಡರು. ಹದಿನೆಂಟೂ ಗಂಡು! ಆ ಜಾತಿಯ ಕಥೆ ಅಲ್ಲಿಗೆ ಮುಗಿಯಿತೆಂದೇ ಬಹುಮಂದಿ ಭಾವಿಸಿದರು. ಅದೇ ವರ್ಷ ದಕ್ಷಿಣ ತುದಿಯ ಸ್ಟೂವರ್ಟ್ ದ್ವೀಪದಲ್ಲಿ ಇನ್ನೊಂದು ಗುಂಪಿನ ಸುಳಿವು ಸಿಕ್ಕಿತು. 1980ರಲ್ಲಿ ಅಲ್ಲಿ ಹೆಣ್ಣು ಕೂಡ ದೊರೆಯಿತು. ಆದರೆ ಆ ದ್ವೀಪದಲ್ಲಿ ಕಾಡುಬೆಕ್ಕುಗಳಾಗಿ ತಿರುಗಿದ ಸಾಕುಬೆಕ್ಕುಗಳಿದ್ದುವು. ಉಳಿದ ಹಕ್ಕಿಗಳನ್ನು ಒಂದೊಂದಾಗಿ ಹಿಡಿದು ಬೆಕ್ಕು, ಸ್ಟೋಟ್‌ಗಳ ಕಾಟವಿಲ್ಲದ ಸಣ್ಣ ದ್ವೀಪಗಳಿಗೆ ಸಾಗಿಸುವುದೊಂದೇ ದಾರಿಯಾಯಿತು. ನೂರು ವರ್ಷದ ಹಿಂದೆ ಹೆನ್ರಿ ಹಿಡಿದಿದ್ದ ದಾರಿಯೇ ಅದು. 1995ರಲ್ಲಿ ಎಣಿಸಿದಾಗ ಇಡೀ ಲೋಕದಲ್ಲಿ ಉಳಿದಿದ್ದ ಕಾಕಾಪೊಗಳ ಸಂಖ್ಯೆ 51.

ಐವತ್ತೊಂದು ಹಕ್ಕಿಗಳೆಂದರೆ ಒಂದು ಮದುವೆಯ ಊಟದ ಪಂಕ್ತಿಗೂ ಸಾಲದು. ಈ ಹಂತದಲ್ಲಿ ಸರ್ಕಾರಿ ನೌಕರರಷ್ಟರಿಂದಲೇ ಕೆಲಸ ಸಾಗುವಂತಿರಲಿಲ್ಲ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರ ಅಗತ್ಯ ಬಿದ್ದುದು ಆಗಲೇ.

ಸಂಚಿಯ ಪರೀಕ್ಷೆ

ಸ್ಟೂವರ್ಟ್ ದ್ವೀಪದ ಬದಿಗೆ, ಮೂರು ಕಿಲೋಮೀಟರ್ ಕಡಲಿನಾಚೆ, ಕಾಡ್‌ಫಿಷ್ ಎಂಬ ಪುಟ್ಟ ದ್ವೀಪವಿದೆ. ಮಾವೋರಿ ಹೆಸರು ವೆನುವಾ ಹೌ. ವಿಸ್ತಾರ ಸುಮಾರು ಸಾವಿರದ ನಾಲ್ಕುನೂರು ಹೆಕ್ಟೇರು. ಅಲ್ಲಿಗೆ ಅಪ್ಪಣೆಯಿಲ್ಲದೆ ಯಾರೂ ಕಾಲಿಡುವಂತಿಲ್ಲ. ಅಪ್ಪಣೆ ಪಡೆದ ಸ್ವಯಂಸೇವಕ ಪ್ರಾಣಿಶಾಸ್ತ್ರವನ್ನು ಓದಿದವನೇ ಆಗಿರಬೇಕೆಂಬ ನಿಯಮವೇನೂ ಇಲ್ಲ; ಕಡಿದಾದ ಕೆಸರಿನ ಹಾದಿಯಲ್ಲಿ ಹೊರೆ ಹೊತ್ತು ನಡೆಯುವ ಕಾಲುಗಳೂ ನಿದ್ದೆಗೆಟ್ಟು ಕೂಡಬಲ್ಲ ತಾಳ್ಮೆಯೂ ಇದ್ದರೆ ಆಯಿತು. ಸಾಮಾನ್ಯವಾಗಿ ಎರಡು ವಾರ ಅವನ ಪಾಳಿ.

ಹೊರಡುವ ಮೊದಲು ಇನ್ವರ್‌ಕಾರ್ಗಿಲ್ ನಗರದ ಒಂದು ಮುಚ್ಚಿದ ಕೋಣೆಯಲ್ಲಿ ಅವನ ಸಾಮಾನನ್ನೆಲ್ಲ ಬಿಚ್ಚಿ ಹರವುತ್ತಾರೆ. ಕಾಲುಚೀಲದ ಎಳೆಗೆ ಒಂದು ಹುಲ್ಲಿನ ಬೀಜ ಅಂಟಿಕೊಂಡಿರಬಹುದು. ಬೂಟಿನ ಅಡಿಯಲ್ಲಿ ಹೊರಗಿನ ಮಣ್ಣಿರಬಹುದು. ಅಕ್ಕಿಯ ಚೀಲದೊಳಗೆ, ಯಾರಿಗೆ ಗೊತ್ತು, ಒಂದು ಇಲಿಯೇ ಅಡಗಿರಬಹುದು. ಬಸುರಿ ಇಲಿಯೊಂದು ದ್ವೀಪ ಸೇರಿದರೆ ಆಗುವ ಅನರ್ಥವನ್ನು ಕಲ್ಪಿಸಿಕೊಂಡರೆ ಈ ಕಟ್ಟುನಿಟ್ಟು ಅತಿರೇಕವೆನಿಸದು. ನಮ್ಮ ಅಜ್ಜಿಯರ ಮಡಿಯೂ ಇದರ ಮುಂದೆ ಸಡಿಲವೇ. ಆಮೇಲೆ ಹೆಲಿಕಾಪ್ಟರಿನಲ್ಲೋ, ಕಡಲು ಹಿಂದೆ ಸರಿದಾಗ ಮರಳಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲೋ ಪ್ರಯಾಣ.

ಬಂದವರಲ್ಲಿ ಹಲವರಿಗೆ ಮೊದಲ ದಿನವೇ ಒಂದು ನಿರಾಶೆ ಕಾದಿರುತ್ತದೆ. ಕಾಕಾಪೊ ಅವರಿಗೆ ಕಾಣುವುದಿಲ್ಲ. ಹಗಲು ಅದು ಪೊದೆಯಲ್ಲೋ ಮರದ ಮೇಲೋ ಮಲಗಿರುತ್ತದೆ. ಇವರು ನಡೆಯುವುದು ಹಗಲಿನಲ್ಲಿ. ಅಳೆದು ತುಂಬಿದ ಆಹಾರದ ಗುಳಿಗೆಗಳನ್ನು ಬೆನ್ನಿಗೆ ಹೊತ್ತು ಗುಡ್ಡ ಹತ್ತಿ, ಒಂದೊಂದು ಹಕ್ಕಿಯ ಪಾಲಿನ ಪೆಟ್ಟಿಗೆಗೂ ಹೋಗಿ, ಹಿಂದಿನ ಇರುಳು ತಿಂದುಳಿದುದನ್ನು ತೂಗಿ ಬರೆದುಕೊಂಡು, ಪಾತ್ರೆಯನ್ನು ತೊಳೆದು, ಹೊಸದನ್ನು ತುಂಬಿ ಬರುವುದು ಕೆಲಸ. ಈ ಪೆಟ್ಟಿಗೆಗಳೂ ಜಾಣ ಪೆಟ್ಟಿಗೆಗಳೇ. ಪ್ರತಿಯೊಂದು ಹಕ್ಕಿಯ ಬೆನ್ನಿಗೂ ಒಂದು ಚಿಕ್ಕ ರೇಡಿಯೋ ಯಂತ್ರವನ್ನು ಕಟ್ಟಿರುತ್ತಾರೆ. ಮುಂದೆ ಬಂದ ಪೆಟ್ಟಿಗೆಗಳು ಆ ಯಂತ್ರದ ಗುರುತು ಹಿಡಿದು ತಮ್ಮ ಒಡೆಯನಿಗೆ ಮಾತ್ರ ಮುಚ್ಚಳ ತೆರೆಯಬಲ್ಲುವು. ಎರಡು ವಾರ ಹೀಗೆ ಹೊರೆ ಹೊತ್ತು, ಖಾಲಿಯಾದ ಪಾತ್ರೆ, ಅಗಿದು ಉಗುಳಿದ ಎಲೆಯ ನಾರು, ಕೆಸರಿನ ಮೇಲಣ ಹೆಜ್ಜೆ ಇಷ್ಟನ್ನೇ ಕಂಡು ಮನೆಗೆ ಮರಳಿದವರುಂಟು.

ಗುಡಾರದೊಳಗಿನ ರಾತ್ರಿ

ಕಾಕಾಪೊ ಪ್ರತಿ ವರ್ಷ ಮೊಟ್ಟೆಯಿಡುವುದಿಲ್ಲ. ರಿಮು ಎಂಬ ಮರ ಎರಡರಿಂದ ನಾಲ್ಕು ವರ್ಷಗಳಿಗೊಮ್ಮೆ ಹಣ್ಣುಗಳಿಂದ ಜಗ್ಗುವಾಗ ಮಾತ್ರ ದಕ್ಷಿಣದ ದ್ವೀಪಗಳ ಕಾಕಾಪೊಗಳಿಗೆ ಸಂತಾನದ ನೆನಪಾಗುತ್ತದೆ. ಆಗ ಗಂಡುಗಳು ಗುಡ್ಡದ ನೆತ್ತಿಗೆ ಹೋಗಿ, ನೆಲವನ್ನು ಬೋಗುಣಿಯಂತೆ ಕೆದರಿ, ಅದರೊಳಗೆ ಕುಳಿತು, ಎದೆಯನ್ನು ಚೆಂಡಿನಂತೆ ಉಬ್ಬಿಸಿ, ದೂರದ ನಗಾರಿಯ ಹಾಗೆ ಗುಮ್ ಗುಮ್ ಎಂದು ಮೊಳಗುತ್ತವೆ. ಇರುಳಿಗೆ ಎಂಟು ಗಂಟೆಗಳ ಕಾಲ, ಎರಡು ಮೂರು ತಿಂಗಳು, ಈ ಮೊಳಗು ನಿಲ್ಲದೆ ನಡೆಯುವುದುಂಟು. ಐದು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ಹೆಣ್ಣು ನಡೆದು ಬರುತ್ತದೆ, ಗಂಡನ್ನು ಆರಿಸಿಕೊಳ್ಳುತ್ತದೆ, ಹಿಂತಿರುಗುತ್ತದೆ. ಆಮೇಲೆ ಗಂಡಿಗೆ ಸಂಸಾರದ ಗೊಡವೆಯೇ ಇಲ್ಲ.

ಕಾವು ಕೊಡುವುದು, ಉಣಿಸುವುದು ಎಲ್ಲವೂ ಒಂಟಿ ತಾಯಿಯ ಪಾಲಿಗೆ. ನೆಲದ ಪೊಟರೆಯಲ್ಲಿ ಒಂದರಿಂದ ನಾಲ್ಕರವರೆಗೆ ಮೊಟ್ಟೆಗಳು. ಮೂವತ್ತು ದಿನದ ಕಾವು. ಹೊಟ್ಟೆ ಹೊರೆಯಲು ತಾಯಿ ರಾತ್ರಿ ಹೊರಗೆ ಹೋಗಲೇಬೇಕು. ಅವಳು ಹೋದರೆ ಮೊಟ್ಟೆ ತಣ್ಣಗಾಗುತ್ತದೆ. ಜೊತೆಗೆ, ಕಾಡ್‌ಫಿಷ್ ದ್ವೀಪದಲ್ಲಿ ಮಾವೋರಿಗಳ ಕಾಲದ ಇಲಿಗಳು 1998ರವರೆಗೂ ಇದ್ದುವು. ಬರಿಯ ತುಪ್ಪುಳಿನ ಮರಿ ಆ ಇಲಿಗೆ ಒಂದು ತುತ್ತು.

ಗೂಡಿನ ಕಾವಲುಗಾರರೆಂಬ ಹೊಸ ಪದವಿ ಹುಟ್ಟಿದ್ದು ಹೀಗೆ. ಗೂಡಿನಿಂದ ತುಸು ದೂರದಲ್ಲಿ ಒಂದು ಗುಡಾರ. ಗೂಡಿನೊಳಗೆ ಕತ್ತಲಲ್ಲೂ ಕಾಣುವ ಪುಟ್ಟ ಕ್ಯಾಮೆರಾ. ಅಲ್ಲಿಂದ ಗುಡಾರದವರೆಗೆ ಎಳೆದ ತಂತಿ. ತಂತಿಯ ತುದಿಯಲ್ಲೊಂದು ಪರದೆ. ತಾಯಿ ಗೂಡಿನ ಬಾಯನ್ನು ದಾಟಿದೊಡನೆ ಕಣ್ಣಿಗೆ ಕಾಣದ ಒಂದು ಕಿರಣ ಕಡಿದು, ಗುಡಾರದಲ್ಲಿ ಮನೆಬಾಗಿಲ ಕರೆಗಂಟೆಯಂಥ ಗಂಟೆ ಬಾರಿಸುತ್ತದೆ. ತೂಕಡಿಸುತ್ತಿದ್ದವರು ಬೆಚ್ಚಿಬಿದ್ದು ಗಡಿಯಾರ ನೋಡಿ ವೇಳೆಯನ್ನು ಬರೆದುಕೊಳ್ಳುತ್ತಾರೆ. ತಾಯಿ ಬೇಗ ಹಿಂತಿರುಗದಿದ್ದರೆ ಮಳೆಯಲ್ಲೇ ಸದ್ದಿಲ್ಲದೆ ಗೂಡಿಗೆ ನಡೆದು, ಬೆಚ್ಚನೆಯ ವಿದ್ಯುತ್ ಹಾಸೊಂದನ್ನು ಮೊಟ್ಟೆಗಳ ಮೇಲೆ ಹೊದಿಸುತ್ತಾರೆ. ಅವಳು ಬರುವ ಸುಳಿವು ಸಿಕ್ಕೊಡನೆ ಅದನ್ನು ತೆಗೆದುಬಿಡಬೇಕು. ಮರಿ ಹೊರಬಂದ ಮೇಲೆ ಅದನ್ನು ತೂಗುವುದೂ ತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿಯೇ. ಬಾಣಂತಿಯ ಕೋಣೆಯ ಹೊರಗೆ ಕುಳಿತ ಸೋದರತ್ತೆಗೂ ಇಷ್ಟು ಎಚ್ಚರ ಇರಲಾರದು.

ಒಂದು ಗೂಡಿಗೆ ಒಂದೆರಡು ರಾತ್ರಿ ಅಲ್ಲ, ವಾರಗಟ್ಟಲೆ ಈ ಜಾಗರಣೆ. ದಕ್ಷಿಣ ಕಡಲಿನ ಗಾಳಿ, ಒದ್ದೆಯಾದ ಮಲಗುಚೀಲ, ಹಗಲಿನಲ್ಲಿ ಅರೆನಿದ್ದೆ. ಪರದೆಯ ಮೇಲೆ ಕಾಣುವುದಾದರೂ ಏನು? ಗಂಟೆಗಟ್ಟಲೆ ಅಲುಗಾಡದ ಒಂದು ಬೆನ್ನು. ಕೆಲವೊಮ್ಮೆ ಅದರ ಅಡಿಯಿಂದ ಇಣುಕುವ ಒಂದು ಕೊಕ್ಕು. ಆದರೆ ಆ ಕೊಕ್ಕು ಲೋಕದ ಐವತ್ತೆರಡನೆಯ ಕಾಕಾಪೊವಿನದಾಗಬಹುದೆಂಬ ಅರಿವು ನಿದ್ದೆಯನ್ನು ದೂರವಿಡುತ್ತಿತ್ತು.

ಕರುಣೆಗೂ ತಕ್ಕಡಿ

ಹೊಟ್ಟೆ ತುಂಬ ಉಣಿಸಿದರೆ ಹಕ್ಕಿಗಳು ಹೆಚ್ಚು ಮೊಟ್ಟೆಯಿಡುತ್ತವೆ, ಮರಿಗಳು ಚೆನ್ನಾಗಿ ಬೆಳೆಯುತ್ತವೆ ಎಂಬುದು ಯಾರಿಗೂ ತೋಚುವ ಮಾತು. 1989ರಿಂದ ಹಾಗೆಯೇ ಉಣಿಸಲಾಯಿತು. ಸೇಬು, ಗೆಣಸು, ಬಾದಾಮಿ, ಸೂರ್ಯಕಾಂತಿಯ ಬೀಜ: ರಾಜೋಪಚಾರವೇ ಸರಿ. ವರ್ಷಗಳುರುಳಿದ ಮೇಲೆ ಲೆಕ್ಕ ಹಾಕಿ ನೋಡಿದ ವಿಜ್ಞಾನಿಗಳು ಬೆರಗಾದರು. ಉಂಡು ಕೊಬ್ಬಿದ ತಾಯಂದಿರಿಗೆ ಹುಟ್ಟಿದ ಮರಿಗಳಲ್ಲಿ ಗಂಡುಗಳೇ ಹೆಚ್ಚು! ತಾಯಿಯ ಮೈ ಪುಷ್ಟವಾಗಿದ್ದಾಗ ಗಂಡು ಸಂತಾನದ ಕಡೆಗೆ ಒಲವು ಹೆಚ್ಚುವುದೆಂದು 1973ರಲ್ಲಿ ಟ್ರಿವರ್ಸ್ ಮತ್ತು ವಿಲರ್ಡ್ ಎಂಬ ವಿದ್ವಾಂಸರು ಮಂಡಿಸಿದ್ದ ವಾದವೊಂದಿತ್ತು. ಕಾಕಾಪೊ ಅದಕ್ಕೆ ಸಾಕ್ಷಿ ನುಡಿದಂತಾಯಿತು. ಹೆಣ್ಣುಗಳ ಅಭಾವದಿಂದಲೇ ಅಳಿಯುತ್ತಿದ್ದ ಕುಲಕ್ಕೆ, ಉಳಿಸಲು ಬಂದವರ ಔದಾರ್ಯವೇ ಇನ್ನಷ್ಟು ಗಂಡುಗಳನ್ನು ಕೂಡಿಸುತ್ತಿತ್ತು. ಗುಡ್ಡ ಹತ್ತಿ ಬಾದಾಮಿ ಹೊತ್ತವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ತಿಳಿವಳಿಕೆಯೇ ಆಗ ಅಷ್ಟಿತ್ತು.

ಆ ಮೇಲೆ ತಕ್ಕಡಿ ಬಂತು. ಪ್ರತಿಯೊಂದು ಹೆಣ್ಣಿನ ತೂಕ ನೋಡಿ, ಅದು ಒಂದೂವರೆ ಕಿಲೋಗ್ರಾಂ ಮೀರದಂತೆ, ಆದರೆ ಮೊಟ್ಟೆಯಿಡಲು ಶಕ್ತಿ ಸಾಲುವಂತೆ, ಗ್ರಾಂ ಲೆಕ್ಕದಲ್ಲಿ ಆಹಾರವನ್ನು ಅಳೆದುಕೊಡುವ ಕ್ರಮ ಆರಂಭವಾಯಿತು. 2002ರ ಹಂಗಾಮಿನಲ್ಲಿ ಇಪ್ಪತ್ತನಾಲ್ಕು ಮರಿಗಳು ಬದುಕಿದುವು. ಅವುಗಳಲ್ಲಿ ಹೆಣ್ಣುಗಳೇ ಹೆಚ್ಚು. ಒಟ್ಟು ಸಂಖ್ಯೆ 62ರಿಂದ 86ಕ್ಕೆ ಏರಿತು. ಪಾತ್ರೆಯಲ್ಲಿ ಉಳಿದ ಗುಳಿಗೆಗಳನ್ನು ತೂಗಿ ಬರೆಯುವ ಆ ಬೇಸರದ ಕೆಲಸಕ್ಕೆ ಎಷ್ಟು ಬೆಲೆಯೆಂಬುದು ಇದರಿಂದ ತಿಳಿದೀತು.

ಅಕ್ಕರೆಯ ಅತಿರೇಕಕ್ಕೆ ಇನ್ನೊಂದು ಉದಾಹರಣೆ ಸಿರೊಕೊ ಎಂಬ ಗಂಡುಗಿಳಿ. 1997ರಲ್ಲಿ ಹುಟ್ಟಿದ ಈ ಮರಿಗೆ ಉಸಿರಾಟದ ಕಾಯಿಲೆ ತಗುಲಿದ್ದರಿಂದ ತಾಯಿಯಿಂದ ಬೇರ್ಪಡಿಸಿ, ಒಂಟಿಯಾಗಿ, ಮನುಷ್ಯರ ಕೈಯಲ್ಲೇ ಬೆಳೆಸಬೇಕಾಯಿತು. ಬದುಕಿಕೊಂಡಿತು, ಆದರೆ ತಾನೂ ಮನುಷ್ಯನೇ ಎಂದು ನಂಬಿಕೊಂಡಿತು. ಹೆಣ್ಣುಗಿಳಿಗಳತ್ತ ಅದರ ದೃಷ್ಟಿಯೇ ಹರಿಯಲಿಲ್ಲ. ಕೆಲಸಗಾರರ ಗುಡಿಸಲಿನ ಬಳಿ ಬೋಗುಣಿ ತೋಡಿಕೊಂಡು, ರಾತ್ರಿ ಬಹಿರ್ದೆಸೆಗೆ ಹೊರಟವರನ್ನು ಅಟ್ಟಿಸಿಕೊಂಡು ಬರತೊಡಗಿತು. ಅದನ್ನು ತಡೆಯಲು ಬೇಲಿ ಹಾಕಬೇಕಾಯಿತಂತೆ! 2009ರಲ್ಲಿ ಬಿ.ಬಿ.ಸಿ.ಯವರೊಡನೆ ಚಿತ್ರ ತೆಗೆಯಲು ಬಂದ ಮಾರ್ಕ್ ಕಾರ್ವಾರ್ಡೀನರ ತಲೆಯನ್ನೇರಿ ಅದು ನಡೆಸಿದ ಪ್ರಣಯ ಪ್ರಸಂಗವನ್ನು ಲೋಕವೆಲ್ಲ ಕಂಡು ನಕ್ಕಿತು. ಮರುವರ್ಷ ನ್ಯೂಜಿಲೆಂಡಿನ ಪ್ರಧಾನಮಂತ್ರಿ ಸಿರೊಕೊವನ್ನು ವನ್ಯಸಂರಕ್ಷಣೆಯ ಅಧಿಕೃತ ಪ್ರತಿನಿಧಿಯೆಂದು ಘೋಷಿಸಿದರು. ನಗೆಯ ಹಿಂದೆ ಒಂದು ವಿಷಾದವೂ ಇದೆ: ಐವತ್ತು ಅರುವತ್ತು ಹಕ್ಕಿಗಳ ಕುಲದಲ್ಲಿ ಸಂತಾನಕ್ಕೆ ಒದಗದ ಒಂದು ಗಂಡು ಸಣ್ಣ ನಷ್ಟವಲ್ಲ. ಅಂದಿನಿಂದ ಕೈಯಲ್ಲಿ ಬೆಳೆಸಲೇಬೇಕಾದ ಮರಿಗಳನ್ನು ಒಟ್ಟೊಟ್ಟಿಗೆ, ಒಂದರ ಮುಖ ಒಂದು ನೋಡುವಂತೆ ಬೆಳೆಸಿ, ಆದಷ್ಟು ಬೇಗ ಕಾಡಿಗೆ ಬಿಡುತ್ತಾರೆ.

2009ರಲ್ಲಿ ಕಾಕಾಪೊಗಳ ಎಣಿಕೆ ಮೊದಲ ಬಾರಿಗೆ ನೂರನ್ನು ದಾಟಿತು. ಆ ವರ್ಷ ರಿಮು ಹಣ್ಣು ಮಾಗದೆ ಕೈಕೊಟ್ಟಿದ್ದರಿಂದ, ಮೂವತ್ತಮೂರು ಮರಿಗಳ ಪೈಕಿ ಬಹುಪಾಲನ್ನು ಜನರೇ ತುತ್ತು ಕೊಟ್ಟು ಸಾಕಿದರು. 2014ರಲ್ಲಿ ಲೀಸಾ ಎಂಬ ತಾಯಿ ತನ್ನ ಮೊಟ್ಟೆಯ ಮೇಲೆಯೇ ಕುಳಿತು ಅದನ್ನು ಜಜ್ಜಿಬಿಟ್ಟಾಗ, ಬಿರುಕುಗಳಿಗೆ ಅಂಟೂ ಪಟ್ಟಿಯೂ ಹಾಕಿ ಉಳಿಸಿಕೊಂಡ ಸಾಹಸವೂ ನಡೆಯಿತು. ಅದರಿಂದ ಮರಿ ಹೊರಬಂದಿತು. 2019ರಲ್ಲಿ ರಿಮು ಹಿಂದೆಂದೂ ಕಾಣದಂತೆ ಫಲಿಸಿ ಎಪ್ಪತ್ತಕ್ಕೂ ಹೆಚ್ಚು ಮರಿಗಳು ಉಳಿದುವು. ಆ ಸಂತೋಷದ ನಡುವೆಯೇ ಶ್ವಾಸಕೋಶಕ್ಕೆ ತಗಲುವ ಬೂಷ್ಟಿನ ರೋಗವೊಂದು ಕಾಡ್‌ಫಿಷ್ ದ್ವೀಪವನ್ನು ಹೊಕ್ಕಿತು. ಇಪ್ಪತ್ತೊಂದು ಹಕ್ಕಿಗಳಿಗೆ ರೋಗ, ಒಂಬತ್ತರ ಸಾವು. ಉಳಿದ ರೋಗಿಗಳನ್ನು ಊರಿನ ಆಸ್ಪತ್ರೆಗಳಲ್ಲಿಟ್ಟು ತಿಂಗಳುಗಟ್ಟಲೆ ಉಪಚರಿಸಿ ಬದುಕಿಸಿದರು.

ಇಷ್ಟರಲ್ಲಿ ಹೆನ್ರಿಯ ಹೆಸರೂ ಕಾಕಾಪೊಗಳ ವಂಶಾವಳಿಯಲ್ಲಿ ಸೇರಿಹೋಗಿತ್ತು. 1975ರಲ್ಲಿ ಮರ್ಟನ್ ಮತ್ತು ಸಂಗಡಿಗರು ಫಿಯೊರ್ಡ್‌ಲ್ಯಾಂಡಿನಲ್ಲಿ ಹಿಡಿದ ಒಂದು ಗಂಡಿಗೆ ಅವರು ರಿಚರ್ಡ್ ಹೆನ್ರಿ ಎಂದೇ ಹೆಸರಿಟ್ಟಿದ್ದರು. ಆ ಸೀಮೆಯ ರಕ್ತ ಉಳಿದದ್ದು ಅದೊಂದರಲ್ಲೇ. 1998ರಲ್ಲಿ ಫ್ಲಾಸಿ ಎಂಬ ಹೆಣ್ಣಿನಲ್ಲಿ ಅದಕ್ಕೆ ಮೂರು ಮರಿಗಳಾದುವು. 2010ರ ಡಿಸೆಂಬರಿನಲ್ಲಿ ಹಣ್ಣು ಮುದುಕನಾಗಿ ಅದು ತೀರಿಕೊಂಡಿತು. ಮರುವರ್ಷ ಮರ್ಟನ್ನರೂ ತೀರಿಕೊಂಡರು.

2022ರ ಹಂಗಾಮು ಮುಗಿದಾಗ ಎಣಿಕೆ 252. ಗುಡಾರದ ಜಾಗರಣೆ ಈಗ ಮೊದಲಿನಂತಿಲ್ಲ. ತಾಯಿಯ ಬೆನ್ನ ಮೇಲಣ ಯಂತ್ರವೇ ಅವಳು ಕೂಡಿದ್ದು ಯಾವಾಗ, ಕಾವಿಗೆ ಕುಳಿತದ್ದು ಯಾವಾಗ ಎಂಬುದನ್ನೆಲ್ಲ ತಿಳಿಸುತ್ತದೆ. ಆಹಾರ ಹೊರುವ ಬೆನ್ನುಗಳಿಗೆ ಮಾತ್ರ ಯಂತ್ರ ಇನ್ನೂ ಬದಲಿಯನ್ನು ಒದಗಿಸಿಲ್ಲ. ಈ ಕೆಲಸವನ್ನು ನಡೆಸುವವರ ಗುರಿಯಾದರೋ ಒಂದು ದಿನ ಆ ಹೊರೆಯೂ ಬೇಡವಾಗಬೇಕು, ಹಕ್ಕಿಗಳು ತಮ್ಮ ಪಾಡಿಗೆ ತಾವು ಬದುಕಬೇಕು ಎಂಬುದೇ.

ಅದಕ್ಕೆ ದ್ವೀಪಗಳು ಸಾಲವು. 2023ರ ಜುಲೈ ತಿಂಗಳಲ್ಲಿ ಉತ್ತರದ ಮೌಂಗಟೌಟರಿ ಬೆಟ್ಟದಲ್ಲಿ, ಸುತ್ತಲೂ ನಲವತ್ತೇಳು ಕಿಲೋಮೀಟರ್ ಉದ್ದದ ಬೇಲಿ ಹಾಕಿ ಇಲಿ, ಸ್ಟೋಟ್‌ಗಳನ್ನು ಹೊರಗಿಟ್ಟ ಕಾಡಿನೊಳಕ್ಕೆ, ನಾಲ್ಕು ಗಂಡುಗಳನ್ನು ಬಿಟ್ಟರು. ಸುಮಾರು ನಲವತ್ತು ವರ್ಷಗಳ ತರುವಾಯ ಕಾಕಾಪೊ ನಾಡಿನ ನೆಲವನ್ನು ಮೆಟ್ಟಿದ್ದು ಅಂದು. ಸೆಪ್ಟೆಂಬರಿನಲ್ಲಿ ಇನ್ನಾರು ಬಂದುವು. ಬೇಲಿ ಶತ್ರುಗಳು ಒಳಬಾರದಂತೆ ಕಟ್ಟಿದ್ದು. ಗಿಳಿಗಳು ಹೊರಹೋಗಬಹುದೆಂಬುದೂ ಆಮೇಲೆ ತಿಳಿಯಿತು. ಕೆಲವು ಹಕ್ಕಿಗಳು ಬೇಲಿಯಾಚೆ ಪತ್ತೆಯಾದುವು. ಮರದ ತುದಿಗೇರಿ, ರೆಕ್ಕೆ ಬಿಚ್ಚಿ, ಆಚೆಗೆ ಧುಮುಕಿರಬೇಕೆಂದು ಊಹಿಸಿದರು. ಬೆನ್ನ ಮೇಲಣ ರೇಡಿಯೋದ ಸದ್ದನ್ನು ಹಿಡಿದು ಹುಡುಕಿಕೊಂಡು ಹೋದವರು ಅವುಗಳನ್ನು ಎತ್ತಿಕೊಂಡು, ತೂಗಿ ನೋಡಿ, ಹಿಂದಕ್ಕೆ ತಂದರು.